ಹಳೆಯ ಲಿಂಬ್, ಹೊಸ ಲಿಂಬ್: ಬಿಲ್ಲು ಬಿಚ್ಚಿ ಕಟ್ಟಿ ಕಲಿತ ಪಾಠಗಳು

ಹೋದ ವರ್ಷ ದಸರಾ ರಜೆಯಲ್ಲಿ ಒಬ್ಬ ತಂದೆ ಮಗನನ್ನು ಕರೆದುಕೊಂಡು ನಮ್ಮ ಆರ್ಚರಿ ಮೈದಾನಕ್ಕೆ ಬಂದರು. ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಒಂದು ಜೋಡಿ ಲಿಂಬ್ ಬಿಚ್ಚಿ ಬೆಂಚಿನ ಮೇಲಿಟ್ಟು, "ಸಾರ್, ಇದು ನಮ್ಮಣ್ಣ ಹೊಡೀತಿದ್ದದ್ದು. ಇಪ್ಪತ್ತೈದು ವರ್ಷ ಅಟ್ಟದ ಮೇಲಿತ್ತು. ಮಗನಿಗೆ ಇದೇ ಸಾಕಾ, ಹೊಸದು ತರಿಸಬೇಕಾ?" ಎಂದು ಕೇಳಿದರು. ಹುಡುಗ ಮಾತಾಡಲಿಲ್ಲ. ಪಕ್ಕದ ಲೇನಿನಲ್ಲಿ ಹೊಡೆಯುತ್ತಿದ್ದವರ ಮಿರಮಿರ ಮಿಂಚುವ ಕಾರ್ಬನ್ ಲಿಂಬ್ ಮೇಲೇ ಅವನ ಕಣ್ಣಿತ್ತು.

ಟೇಕ್‌ಡೌನ್ ರಿಕರ್ವ್ ಎಂದರೆ ಮೂರು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಬಹುದಾದ ಬಿಲ್ಲು. ನಡುವೆ ಕೈಯಲ್ಲಿ ಹಿಡಿಯುವ ರೈಸರ್, ಮೇಲೊಂದು ಕೆಳಗೊಂದು ಲಿಂಬ್. ಬಾಗುವುದು, ಶಕ್ತಿ ತುಂಬಿಕೊಳ್ಳುವುದು, ಬಾಣಕ್ಕೆ ಅದನ್ನು ಕೊಡುವುದು ಎಲ್ಲ ಲಿಂಬ್‌ನ ಕೆಲಸ. ಆದ್ದರಿಂದಲೇ ಬಿಲ್ಲುಗಾರರ ನಡುವೆ ಲಿಂಬ್ ಬಗ್ಗೆ ನಡೆಯುವಷ್ಟು ಚರ್ಚೆ ಬೇರೆ ಯಾವ ಭಾಗದ ಬಗ್ಗೆಯೂ ನಡೆಯುವುದಿಲ್ಲ. ನಾನು ಹಳೆಯದನ್ನೂ ಹೊಸದನ್ನೂ ಹೊಡೆದಿದ್ದೇನೆ, ಮಕ್ಕಳ ಬಿಲ್ಲು ಕಟ್ಟಿಕೊಟ್ಟಿದ್ದೇನೆ, ಮುರಿದದ್ದನ್ನೂ ನೋಡಿದ್ದೇನೆ. ಆ ತಂದೆಗೆ ಅವತ್ತು ಅರ್ಧ ದಿನ ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕೂರುತ್ತದೆಯೇ ನೋಡಿ

ಹಳೆಯ ಲಿಂಬ್ ಕೈಗೆ ಬಂದ ತಕ್ಷಣ ಅದರ ಬುಡ ನೋಡಬೇಕು. ಇವತ್ತು ಹೆಚ್ಚಿನ ರೈಸರ್‌ಗಳಲ್ಲಿರುವುದು ಐಎಲ್‌ಎಫ್ ಜೋಡಣೆ. ಲಿಂಬ್‌ನ ಬುಡದಲ್ಲಿ ಕವಲಿನಂಥ ಸೀಳು, ಅದರ ಮುಂದೆ ರೈಸರ್‌ನ ತೋಡಿನೊಳಕ್ಕೆ ಜಾರಿ ಕೂರುವ ಒಂದು ಲೋಹದ ಗುಂಡಿ, ಅದರಲ್ಲಿ ಸ್ಪ್ರಿಂಗ್ ಮೇಲೆ ನಿಂತ ಪುಟ್ಟ ಪಿನ್ನು. ಒತ್ತಿದರೆ 'ಟಿಕ್' ಎಂದು ಕೂರುತ್ತದೆ. ಇದು ಹೊಯ್ಟ್ ಕಂಪನಿ 1980ರ ದಶಕದಲ್ಲಿ ತಂದ ವಿನ್ಯಾಸ. ಬೇರೆ ಕಂಪನಿಗಳೂ ಅದನ್ನೇ ಹಿಡಿದದ್ದರಿಂದ ಈಗ ಒಬ್ಬರ ರೈಸರ್‌ಗೆ ಇನ್ನೊಬ್ಬರ ಲಿಂಬ್ ಹಾಕಬಹುದು. ಅದಕ್ಕೂ ಮುಂಚಿನ ಟೇಕ್‌ಡೌನ್ ಬಿಲ್ಲುಗಳಲ್ಲಿ ಒಂದೊಂದು ಕಂಪನಿಗೂ ತನ್ನದೇ ಜೋಡಣೆ. ಅಂಥ ಲಿಂಬ್ ಎಷ್ಟೇ ಚೆನ್ನಾಗಿರಲಿ, ಅದರದ್ದೇ ರೈಸರ್ ಸಿಗದಿದ್ದರೆ ಉಪಯೋಗಕ್ಕೆ ಬರುವುದಿಲ್ಲ. ಹೊಸದರಲ್ಲೂ ಎಚ್ಚರ ಬೇಕು. ಹೊಯ್ಟ್ 2009ರಲ್ಲಿ ತಂದ ಫಾರ್ಮುಲಾ ಜೋಡಣೆಗೆ ಐಎಲ್‌ಎಫ್ ಲಿಂಬ್ ಹೊಂದುವುದಿಲ್ಲ. ನಟ್ಟು ಬೋಲ್ಟು ಹಾಕಿ ಬಿಗಿಯುವ ಮರದ ರೈಸರ್‌ಗಳ ಲಿಂಬ್ ಮತ್ತೊಂದು ಬಗೆ.

ಆ ತಂದೆ ತಂದದ್ದು ಐಎಲ್‌ಎಫ್. ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅಷ್ಟೆ.

2. ಲಿಂಬ್ ಮೇಲೆ ಬರೆದ ತೂಕ ನಿಮ್ಮ ಬೆರಳಿನ ತೂಕವಲ್ಲ

ಲಿಂಬ್ ಮೇಲೆ 68 ಇಂಚು, 38 ಪೌಂಡು ಎಂದು ಬರೆದಿರುತ್ತದೆ. 25 ಇಂಚಿನ ರೈಸರ್‌ಗೆ ಹಾಕಿ, 28 ಇಂಚು ಎಳೆದಾಗ ಬೆರಳಿಗೆ ಬರುವ ತೂಕ ಅದು. 26 ಇಂಚು ಎಳೆಯುವ ಹುಡುಗಿಗೆ ಅದೇ ಬಿಲ್ಲು ಹತ್ತಿರ ಹತ್ತಿರ 34, 30 ಇಂಚು ಎಳೆಯುವ ಉದ್ದ ಕೈಯವನಿಗೆ 42. ತುದಿ ಎಳೆತದಲ್ಲಿ ಇಂಚಿಗೆ ಎರಡು ಪೌಂಡು ಎಂಬ ಅಂದಾಜು ನನ್ನ ಕೈಯಲ್ಲಿ ಯಾವತ್ತೂ ಹೆಚ್ಚು ತಪ್ಪಿಲ್ಲ. ರೈಸರ್ ಬದಲಾದರೂ ಲೆಕ್ಕ ಬದಲಾಗುತ್ತದೆ. ಅದೇ ಲಿಂಬ್ 23 ಇಂಚಿನ ಗಿಡ್ಡ ರೈಸರ್ ಮೇಲೆ ಸುಮಾರು ಎರಡು ಪೌಂಡು ಬಿಗಿ, 27ರ ಮೇಲೆ ಎರಡು ಪೌಂಡು ಸಡಿಲ. ರೈಸರ್‌ನ ಬೋಲ್ಟ್ ತಿರುಗಿಸಿ ಇನ್ನೂ ಸ್ವಲ್ಪ ಏರಿಸಬಹುದು, ಇಳಿಸಬಹುದು.

ಹಳೆಯದು ಹೊಸದು ಹೋಲಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಒಬ್ಬರು ಹಳೆಯ 36ರ ಲಿಂಬ್ ಬಿಟ್ಟು ಹೊಸ 36 ಹಾಕಿಕೊಂಡು, "ಎಂಥಾ ವೇಗ ಸಾರ್!" ಎಂದು ಕುಣಿದರು. ತಕ್ಕಡಿಗೆ ಹಾಕಿ ಎಳೆದಾಗ ಅವರ ಎಳೆತದಲ್ಲಿ ಹೊಸದು ಎರಡೂವರೆ ಪೌಂಡು ಜಾಸ್ತಿ ತೂಗಿತು. ಅವರು ಹೋಲಿಸಿದ್ದು ಎರಡು ತೂಕಗಳನ್ನು. ಕೊಕ್ಕೆ ಇರುವ ಒಂದು ಸಣ್ಣ ತೂಗುತಕ್ಕಡಿ ಸಾಕು, ಆದರೆ ಅದಿಲ್ಲದೆ ಎರಡು ಲಿಂಬ್ ಹೋಲಿಸಲು ಕೂರಬೇಡಿ.

3. ವಯಸ್ಸು ಕೇಳಬೇಡಿ, ಮೈ ತಡವಿ ನೋಡಿ

ಹಸು ಕೊಳ್ಳುವವರು ಹಲ್ಲು ಹಿಡಿದು ನೋಡುತ್ತಾರೆ. ಲಿಂಬ್‌ಗೂ ಅಂಥ ಪರೀಕ್ಷೆಗಳಿವೆ. ನಾನು ಮಾಡುವ ಕ್ರಮ ಹೀಗೆ.

ಒಂದು ಹಿಡಿ ಹತ್ತಿ ತೆಗೆದುಕೊಂಡು ಲಿಂಬ್‌ನ ಎರಡೂ ಅಂಚಿನ ಉದ್ದಕ್ಕೂ ನಿಧಾನವಾಗಿ ಎಳೆಯುತ್ತೇನೆ. ಎಲ್ಲಿ ಪದರ ಎದ್ದಿದೆಯೋ ಅಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳು ಎಳೆಯಬೇಡಿ. ಫೈಬರ್‌ಗ್ಲಾಸಿನ ಸಿಬಿರು ಚರ್ಮಕ್ಕೆ ಹೊಕ್ಕರೆ ಎರಡು ದಿನ ಬಿಡುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಮೈ ನೋಡುತ್ತೇನೆ. ಉದ್ದಕ್ಕೆ ಹೋಗಿರುವ ಸಣ್ಣ ಗೆರೆಗಳು ಹಲವು ಸಲ ಮೇಲಿನ ಬಣ್ಣದ್ದೋ ಗಾಜಿನೆಳೆಯದ್ದೋ ಆಗಿರುತ್ತವೆ. ಅವುಗಳಿಗೆ ಗುರುತು ಹಾಕಿಟ್ಟು ವಾರ ವಾರ ನೋಡಿದರೆ ಸಾಕು. ಅಡ್ಡಕ್ಕೆ ಹೋದ ಗೆರೆ ಬೇರೆ ಮಾತು. ಎಳೆದಾಗ ಗುರಿಯ ಕಡೆಯ ಮುಖ ಹಿಗ್ಗುತ್ತದೆ, ನಮ್ಮ ಕಡೆಯ ಮುಖ ಕುಗ್ಗುತ್ತದೆ. ಆ ಕುಗ್ಗುವ ಮುಖದಲ್ಲಿ ಅಡ್ಡಗೆರೆ ಕಂಡರೆ ಒಳಗಿನ ನಾರು ಆಗಲೇ ಮುರಿದಿದೆ ಎಂದರ್ಥ. ಅದನ್ನು ಯಾರೂ ಎಳೆಯಬಾರದು.

ಬುಡದ ಸೀಳಿನ ಮೂಲೆಗಳು, ಲೋಹದ ಗುಂಡಿ ಕೂತಿರುವ ಜಾಗ, ತುದಿಯಲ್ಲಿ ಹೆದೆಯ ಕುಣಿಕೆ ಕೂರುವ ತೋಡು, ಇವು ಮೂರನ್ನೂ ಭೂತಗನ್ನಡಿ ಹಿಡಿದು ನೋಡುತ್ತೇನೆ. ಗುಂಡಿ ಅಲ್ಲಾಡಿದರೆ ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಹೆದೆ ಏರಿಸುವುದು. ಸ್ಟ್ರಿಂಗರ್ ಹಾಕಿಯೇ ಏರಿಸಬೇಕು. ಕಾಲಿನ ನಡುವೆ ಬಿಲ್ಲು ಸಿಕ್ಕಿಸಿ ಬಗ್ಗಿಸುವ ಅಭ್ಯಾಸ ಎಷ್ಟೋ ಒಳ್ಳೆಯ ಲಿಂಬ್‌ಗಳನ್ನು ತಿರುಚಿ ಹಾಕಿದೆ. ಹೆದೆ ಏರಿಸಿದ ಬಿಲ್ಲನ್ನು ಎರಡು ಕುರ್ಚಿಯ ಬೆನ್ನಿನ ಮೇಲೆ ಅಡ್ಡ ಮಲಗಿಸಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಹೆದೆ ಎರಡೂ ಲಿಂಬ್‌ಗಳ ನಟ್ಟನಡುವೆ ಹಾದು ರೈಸರ್‌ನ ಮಧ್ಯಕ್ಕೆ ಬರಬೇಕು. ಒಂದು ಲಿಂಬ್‌ನಲ್ಲಿ ಪಕ್ಕಕ್ಕೆ ಸರಿದಿದ್ದರೆ ಎರಡು ಕಾರಣ ಇರಬಹುದು: ಲಿಂಬ್ ತಿರುಚಿದೆ, ಇಲ್ಲವೇ ರೈಸರ್‌ನಲ್ಲಿ ಅದು ಓರೆಯಾಗಿ ಕೂತಿದೆ. ಹೊಸ ರೈಸರ್‌ಗಳಲ್ಲಿ ಓರೆಯನ್ನು ಸರಿಮಾಡುವ ವ್ಯವಸ್ಥೆ ಇರುತ್ತದೆ. ತಿರುಚಿನ ಗುರುತು ಸುಲಭ. ಲಿಂಬ್‌ನ ತುದಿ ಒಂದು ಪಕ್ಕಕ್ಕೆ ಮುಖ ತಿರುಗಿಸಿಕೊಂಡಂತೆ ಕಾಣುತ್ತದೆ. ಬಿಲ್ಲನ್ನು ಹೆದೆ ಇಳಿಸದೆ ವರ್ಷಗಟ್ಟಲೆ ಗೋಡೆಗೆ ಒರಗಿಸಿಟ್ಟ ಮನೆಗಳಿಂದ ಬರುವ ಲಿಂಬ್‌ಗಳಲ್ಲಿ ಇದನ್ನು ಬೇಕಾದಷ್ಟು ಕಂಡಿದ್ದೇನೆ.

ಕೊನೆಗೆ ಕಿವಿ. ಮೊದಲು ಕಾಲು ಭಾಗ, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ಹತ್ತಿಪ್ಪತ್ತು ಸಲ ಎಳೆದು ನಿಧಾನವಾಗಿ ವಾಪಸು ಬಿಡಬೇಕು. ಬಾಣವಿಲ್ಲದೆ ಹೆದೆಯನ್ನು ಪಟ್ಟನೆ ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ನೊಳಕ್ಕೇ ವಾಪಸು ಹೊಡೆಯುತ್ತದೆ. ಎಳೆಯುವಾಗ 'ಕಿರ್' ಎಂಬ ಸದ್ದು ಒಮ್ಮೆ ಬಂದು ಬೋಲ್ಟ್ ಬಿಗಿದ ಮೇಲೆ ನಿಂತರೆ ಚಿಂತೆಯಿಲ್ಲ. ಪ್ರತಿ ಎಳೆತಕ್ಕೂ ಒಂದೇ ಜಾಗದಿಂದ ಬಂದರೆ ಅಲ್ಲಿ ಅಂಟು ಬಿಡುತ್ತಿದೆ.

ಇಷ್ಟರಲ್ಲಿ ಪಾಸಾದ ಲಿಂಬ್‌ಗೆ ಮೂವತ್ತು ವರ್ಷವಾಗಿದ್ದರೂ ನಾನು ಮಕ್ಕಳ ಕೈಗೆ ಕೊಡುತ್ತೇನೆ. ಪಾಸಾಗದಿದ್ದರೆ ಮೂರು ವರ್ಷದ್ದನ್ನೂ ಕೊಡುವುದಿಲ್ಲ.

4. ಹಳೆಯ ತುದಿಗೆ ಹೊಸ ಹೆದೆ ಕಟ್ಟಬೇಡಿ

ಇದನ್ನು ನಷ್ಟ ಮಾಡಿಕೊಂಡು ಕಲಿತೆ. ಒಬ್ಬ ಶಿಷ್ಯನಿಗೆ ಎಂಬತ್ತರ ದಶಕದ ಆರಂಭದ ಒಂದು ಜೋಡಿ ಲಿಂಬ್ ಸಿಕ್ಕಿತ್ತು. ಮೇಪಲ್ ಮರದ ತಿರುಳು, ಎರಡೂ ಕಡೆ ಫೈಬರ್‌ಗ್ಲಾಸ್, ಕನ್ನಡಿಯಂಥ ಮೈ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಆಗಿದ್ದವು. ಮಾರಿದ ಅಂಗಡಿಯವರೇ ಒಂದು ಹೊಸ ಹೆದೆಯನ್ನೂ ಕೊಟ್ಟಿದ್ದರು, ನಾನೂ ಕೇಳದೆ ಹಾಕಿದೆ. ಎರಡನೆಯ ವಾರ ಕೆಳಗಿನ ಲಿಂಬ್‌ನ ತುದಿ, ಹೆದೆಯ ತೋಡಿನ ಹತ್ತಿರ ಸೀಳಿತು. ಹುಡುಗನಿಗೆ ಏಟಾಗಲಿಲ್ಲ. ಆ ಲಿಂಬ್‌ಗೆ ಮಾತ್ರ ಅದೇ ಕೊನೆ.

ಹಳೆಯ ಬಿಲ್ಲುಗಳ ಕಾಲದ ಹೆದೆ ಡೇಕ್ರಾನ್, ಅಂದರೆ ಪಾಲಿಯೆಸ್ಟರ್. ಅದಕ್ಕೆ ಹಿಗ್ಗುವ ಗುಣ ಇದೆ. ಬಾಣ ಹೊರಟ ಕ್ಷಣದಲ್ಲಿ ಲಿಂಬ್ ಫಕ್ಕನೆ ನಿಲ್ಲುವಾಗ ಆ ಹಿಗ್ಗು ಹೊಡೆತವನ್ನು ಅಷ್ಟಿಷ್ಟು ನುಂಗುತ್ತದೆ. ಆಮೇಲೆ ಬಂದ ಫಾಸ್ಟ್ ಫ್ಲೈಟ್ ಮತ್ತು ಅದರ ವಂಶದ ದಾರಗಳು ಹಿಗ್ಗುವುದೇ ಇಲ್ಲ ಎನ್ನಬೇಕು. ವೇಗ ಬರುತ್ತದೆ, ಹೊಡೆತ ಪೂರ್ತಿ ತುದಿಗೆ ಬೀಳುತ್ತದೆ. ಹೊಸ ಲಿಂಬ್‌ಗಳ ತುದಿಗೆ ಅದನ್ನು ತಾಳಿಕೊಳ್ಳಲೆಂದೇ ಹೆಚ್ಚಿನ ಪದರ ಕೊಟ್ಟಿರುತ್ತಾರೆ. ಹಳೆಯದಕ್ಕೆ ಇರುವುದಿಲ್ಲ. ಆದ್ದರಿಂದ ನನ್ನ ನಿಯಮ: ತುದಿ ಬಲಪಡಿಸಿದ್ದಾರೆ ಎಂದು ಖಚಿತವಾಗಿ ಗೊತ್ತಿಲ್ಲದ ಯಾವ ಹಳೆಯ ಲಿಂಬ್‌ಗೂ ಡೇಕ್ರಾನ್ ಬಿಟ್ಟು ಬೇರೆ ಹೆದೆ ಇಲ್ಲ. ವೇಗ ಸ್ವಲ್ಪ ಕಡಿಮೆಯಾಗಲಿ, ಲಿಂಬ್ ಉಳಿಯುತ್ತದೆ.

5. ಹೊಸ ಲಿಂಬ್ ಕೊಡುವುದು ಕೊನೆಯ ಎರಡು ಇಂಚಿನಲ್ಲಿ

ಹೊಸದರ ಪರವಾಗಿ ಹೇಳಬೇಕಾದ ನಿಜವಾದ ಮಾತು ಇದು. ಎಳೆತದ ಶುರುವಿನಲ್ಲಿ ಎಲ್ಲ ಲಿಂಬ್‌ಗಳೂ ಹೆಚ್ಚುಕಡಿಮೆ ಒಂದೇ ಥರ ಅನ್ನಿಸುತ್ತವೆ. ಗಲ್ಲದ ಕೆಳಗೆ ಕೈ ಬಂದು ಕೂತು, ಬೆನ್ನಿನ ಸ್ನಾಯು ಬಿಗಿಗೊಳಿಸುತ್ತಾ ಬಾಣದ ಮೊನೆಯನ್ನು ಕ್ಲಿಕ್ಕರ್‌ನಿಂದ (ಎಳೆತ ಪೂರ್ತಿಯಾದಾಗ ಸದ್ದು ಮಾಡುವ ಪಟ್ಟಿ) ಆಚೆ ಎಳೆಯುವ ಆ ಕೊನೆಯ ಎರಡು ಇಂಚಿನಲ್ಲಿ ವ್ಯತ್ಯಾಸ ಹೊರಬೀಳುತ್ತದೆ. ಹಳೆಯ ಗಿಡ್ಡ ಲಿಂಬ್‌ಗಳಲ್ಲಿ ಕೊನೆಯ ಇಂಚಿಗೆ ಮೂರು ಪೌಂಡು ಏರುವುದನ್ನು ತಕ್ಕಡಿಯಲ್ಲಿ ಕಂಡಿದ್ದೇನೆ. ಗೋಡೆ ತಳ್ಳಿದಂತಾಗುತ್ತದೆ. ಹೊಸ ವಿನ್ಯಾಸದಲ್ಲಿ ತುದಿಯ ಬಾಗು ಹೆಚ್ಚು, ಆ ಬಾಗು ತಡವಾಗಿ ಬಿಚ್ಚಿಕೊಳ್ಳುತ್ತದೆ. ಶುರುವಿನಲ್ಲಿ ಬಿಗಿ, ಕೊನೆಗೆ ಮೆತ್ತಗೆ.

ಬಾಗು ಹೆಚ್ಚಿದಷ್ಟೂ ಲಿಂಬ್ ಪಕ್ಕಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಬರಿ ಮರ ಮತ್ತು ಗಾಜಿನ ನಾರಿನಲ್ಲಿ ಅಂಥ ಬಾಗು ಕೊಟ್ಟರೆ ಬೆರಳು ಸ್ವಲ್ಪ ಓರೆಯಾಗಿ ಬಿಟ್ಟರೂ ಬಾಣ ದಾರಿ ತಪ್ಪುತ್ತದೆ. ಕಾರ್ಬನ್ ಬಂದ ಮೇಲೆ ಇದಕ್ಕೆ ಪರಿಹಾರ ಸಿಕ್ಕಿತು. ಕಾರ್ಬನ್ ನಾರನ್ನು ಉದ್ದಕ್ಕೆ ಮಾತ್ರ ಇಡದೆ 45 ಡಿಗ್ರಿ ಓರೆಯಾಗಿ ಹೆಣೆದ ಪದರವನ್ನೂ ಸೇರಿಸಿದರೆ ಲಿಂಬ್ ಬಾಗುತ್ತದೆ, ತಿರುಚುವುದಿಲ್ಲ. ಬಿಲ್ಲುಗಳ ಕಳೆದ ಐವತ್ತು ವರ್ಷದ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿರುವುದು ಇದೇ.

ಆದರೆ ಯಾರಿಗೆ ಇದು ಗೊತ್ತಾಗುತ್ತದೆ? ಒಂದು ಭಾನುವಾರ ನಾಲ್ಕು ಜೋಡಿ ಲಿಂಬ್‌ಗಳ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿದೆ. ಎರಡು ಹಳೆಯವು, ಎರಡು ಹೊಸವು. ಬೋಲ್ಟ್ ತಿರುಗಿಸಿ ನಾಲ್ಕನ್ನೂ ಹೊಡೆಯುವವರ ಎಳೆತದಲ್ಲಿ ಅರ್ಧ ಪೌಂಡಿನ ಒಳಗೆ ತಂದೆ. ದೊಡ್ಡವರೂ ಮಕ್ಕಳೂ ಹೊಡೆದರು. ಕಲಿಯಲು ಶುರುಮಾಡಿ ಒಂದು ವರ್ಷ ಪೂರೈಸದ ಮಕ್ಕಳಿಗೆ ಯಾವುದು ಯಾವುದೆಂದು ಹೇಳಲಾಗಲಿಲ್ಲ. ಅವರ ಬಾಣಗಳ ಗುಂಪೂ ಬದಲಾಗಲಿಲ್ಲ. ಐದಾರು ವರ್ಷ ಹೊಡೆದವರು ಮೂರನೆಯ ಬಾಣಕ್ಕೇ "ಇದು ಹೊಸದು" ಎಂದರು. ಹೇಗೆ ತಿಳಿಯಿತು ಎಂದರೆ ಎಲ್ಲರ ಉತ್ತರವೂ ಒಂದೇ: ಕ್ಲಿಕ್ಕರ್ ಬೇಗ ಬಿತ್ತು. ನಮ್ಮಲ್ಲಿ ರಾಜ್ಯಮಟ್ಟಕ್ಕೆ ಹೊಡೆಯುವ ಒಬ್ಬ ಹುಡುಗಿಗೆ ಹೊಸ ಲಿಂಬ್‌ನಲ್ಲಿ ಬಾಣಗಳು ಎಡಬಲಕ್ಕೆ ಚೆದುರುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಅವಳ ಅಮ್ಮನಿಗೆ ಅವತ್ತೇ ಹೇಳಿದೆ, ಇವಳಿಗೆ ಹೊಸದು ಕೊಡಿಸಿ ಅಂತ.

6. ವೇಗಕ್ಕೆ ಮರುಳಾಗಬೇಡಿ, ಒಂದೇ ಸಮ ಇರುವುದನ್ನು ಕೇಳಿ

ಎಳೆದಾಗ ಲಿಂಬ್‌ನಲ್ಲಿ ತುಂಬಿದ ಶಕ್ತಿಯೆಲ್ಲ ಬಾಣಕ್ಕೆ ಹೋಗುವುದಿಲ್ಲ. ಲಿಂಬ್ ತನ್ನ ತೂಕವನ್ನೂ ಮುಂದಕ್ಕೆ ಒಯ್ಯಬೇಕಲ್ಲ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್ ಇದಕ್ಕೆ 'ವರ್ಚುವಲ್ ಮಾಸ್' ಎಂದು ಹೆಸರಿಟ್ಟರು. ಬಾಣದ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ತೂಕ ಅಂಟಿಕೊಂಡಿದೆ ಎಂದು ಲೆಕ್ಕ ಹಿಡಿಯುವುದು. ತುದಿ ಹಗುರವಾದಷ್ಟೂ ಆ ಕಾಣದ ತೂಕ ಇಳಿಯುತ್ತದೆ. ಕಾರ್ಬನ್ ಮತ್ತು ಫೋಮ್ ತಿರುಳಿನ ಲಿಂಬ್ ವೇಗವಾಗಿರುವುದು ಇದರಿಂದಲೇ. ಇದು ನಿಜ.

70 ಮೀಟರಿನಲ್ಲಿ ಆ ವೇಗ ಏನು ಮಾಡುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ. ಸೆಕೆಂಡಿಗೆ 56 ಮೀಟರ್ ಹೋಗುವ ಬಾಣ ಗುರಿ ಮುಟ್ಟಲು ಒಂದೂಕಾಲು ಸೆಕೆಂಡ್. ಗಾಳಿಯ ತಡೆ ಬಿಟ್ಟರೂ ಅಷ್ಟರಲ್ಲಿ ಅದು ಏಳೂವರೆ ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಆ ಇಳಿತವನ್ನು ಸೈಟ್ ಸರಿಸಿ ತುಂಬಿಕೊಳ್ಳುತ್ತೇವೆ. ಹೊಸ ಲಿಂಬ್ ಸೆಕೆಂಡಿಗೆ ಐದು ಅಡಿ ವೇಗ ಹೆಚ್ಚು ಕೊಟ್ಟರೆ ಸೈಟ್ ಸ್ವಲ್ಪ ಮೇಲಕ್ಕೆ ಸರಿಸುತ್ತೇವೆ, ಗಾಳಿಯಲ್ಲಿ ಒಂದಿಷ್ಟು ಅನುಕೂಲ, ಅಷ್ಟೆ. ಆದರೆ ಒಂದು ಬಾಣಕ್ಕೂ ಇನ್ನೊಂದಕ್ಕೂ ಸೆಕೆಂಡಿಗೆ ಒಂದೇ ಒಂದು ಅಡಿ ವ್ಯತ್ಯಾಸ ಬಂದರೆ ಗುರಿಯಲ್ಲಿ ಎಂಟು ಸೆಂಟಿಮೀಟರ್ ಮೇಲೆ ಕೆಳಗೆ. ಹತ್ತರ ವೃತ್ತದ ಅಡ್ಡಳತೆಯೇ 12.2 ಸೆಂಟಿಮೀಟರ್. ಆದ್ದರಿಂದ ಎರಡು ಲಿಂಬ್‌ಗಳನ್ನು ವೇಗಮಾಪಕದ ಮುಂದೆ ಇಟ್ಟಾಗ ಅತಿ ಹೆಚ್ಚಿನ ಅಂಕಿ ಯಾವುದು ಎಂದು ನೋಡಬೇಡಿ. ಹನ್ನೆರಡು ಬಾಣ ಹೊಡೆದು, ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಎಷ್ಟು ಅಂತರ ಎಂದು ನೋಡಿ. ಚೆನ್ನಾಗಿ ಇಟ್ಟುಕೊಂಡ ಹಳೆಯ ಲಿಂಬ್‌ಗಳು ಈ ಪರೀಕ್ಷೆಯಲ್ಲಿ ಸೋಲುವುದನ್ನು ನಾನು ಹೆಚ್ಚು ಕಂಡಿಲ್ಲ. ಸೋಲುವುದು ಸಾಮಾನ್ಯವಾಗಿ ಹೊಡೆಯುವವನ ಎಳೆತ.

ಆ ಹಳೆಯ ಬಿಲ್ಲುಗಳಿಂದ ಏನಾಗಿತ್ತು ಎಂಬ ದಾಖಲೆಯೂ ಇದೆ. ಒಲಿಂಪಿಕ್ಸ್‌ಗೆ ಬಿಲ್ಲುಗಾರಿಕೆ 1972ರಲ್ಲಿ ಮ್ಯೂನಿಕ್‌ನಲ್ಲಿ ಮರಳಿತು. ಎರಡು ಫಿಟಾ ಸುತ್ತು, 288 ಬಾಣ, ಒಟ್ಟು 2880 ಅಂಕ. ಅಮೆರಿಕದ ಜಾನ್ ವಿಲಿಯಮ್ಸ್ 2528 ಅಂಕ ಪಡೆದು ಗೆದ್ದರು. 1976ರಲ್ಲಿ ಡ್ಯಾರೆಲ್ ಪೇಸ್ 2571, ಅದೇ ಪೇಸ್ 1984ರಲ್ಲಿ 2616. ಎಂದರೆ ಬಾಣಕ್ಕೆ ಸರಾಸರಿ ಒಂಬತ್ತು ಅಂಕ, ಅದರಲ್ಲೂ ಕಾಲು ಭಾಗದ ಬಾಣಗಳು 90 ಮೀಟರಿನಿಂದ. ಇವತ್ತಿನ 70 ಮೀಟರಿನ 72 ಬಾಣಗಳ ಸುತ್ತಿನಲ್ಲಿ ಬ್ರೇಡಿ ಎಲಿಸನ್ 2019ರಲ್ಲಿ ಲಿಮಾದಲ್ಲಿ 720ಕ್ಕೆ 702 ಹೊಡೆದರು, ಪ್ಯಾರಿಸ್‌ನಲ್ಲಿ 2024ರಲ್ಲಿ ಕೊರಿಯಾದ ಲಿಮ್ ಸಿ-ಹ್ಯೊನ್ 694. ದೂರ ಬೇರೆ, ಸುತ್ತು ಬೇರೆ, ಆದ್ದರಿಂದ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ನಡುವೆ ಬಾಣ ಬದಲಾಯಿತು, ಹೆದೆ ಬದಲಾಯಿತು, ತರಬೇತಿ ಪೂರ್ತಿ ಬದಲಾಯಿತು. ಏರಿಕೆಯ ಕೀರ್ತಿಯನ್ನೆಲ್ಲ ಲಿಂಬ್‌ಗೆ ಕಟ್ಟುವವರ ಮಾತನ್ನು ನಾನು ಒಪ್ಪುವುದಿಲ್ಲ.

7. ಬಿಸಿಲು ಮತ್ತು ಕಾರಿನ ಡಿಕ್ಕಿ

ಮಾರ್ಚ್ ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ಹೊಡೆಯುವವರು ಇದನ್ನು ಗಮನಿಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗಿನ ಶಾಖಕ್ಕೆ ಲಿಂಬ್‌ನ ಅಂಟು ಮೆತ್ತಗಾಗುತ್ತದೆ. ಹಳೆಯದು ಹೊಸದು ಎಂಬ ಭೇದ ಅದಕ್ಕಿಲ್ಲ. ಮರದ ತಿರುಳಿಗೆ ಕರಾವಳಿಯ ಮಳೆಗಾಲವೂ ಹಿಡಿಸುವುದಿಲ್ಲ, ಫೋಮ್ ತಿರುಳು ತಾಪ ತೇವಗಳಿಗೆ ಅಷ್ಟು ಜಗ್ಗುವುದಿಲ್ಲ. ನೀವು ಬೆಳಗ್ಗೆ ಏಳಕ್ಕೆ ಶುರುಮಾಡಿ ಮಧ್ಯಾಹ್ನ ಎರಡಕ್ಕೆ ಮುಗಿಸುವ ಸ್ಪರ್ಧೆಗಳಿಗೆ ಹೋಗುವವರಾದರೆ ಫೋಮ್‌ಗೆ ಹಣ ಕೊಡುವುದು ಸರಿ. ದಿನಾ ಸಂಜೆ ಒಂದು ಗಂಟೆ ಹೊಡೆಯುವವರಿಗೆ ಮರದ ತಿರುಳು ಸಾಕು, ಕೈಗೂ ಹಿತ.

8. ಲಿಂಬ್ ಬದಲಾದರೆ ಬಾಣವನ್ನೂ ನೋಡಿ

ಹೊಸ ಲಿಂಬ್ ವೇಗವಾಗಿ ತಳ್ಳುತ್ತದೆ, ಬಾಣ ಹೆಚ್ಚು ಬಳುಕುತ್ತದೆ. ನಿನ್ನೆಯವರೆಗೆ ಹೊಂದಿದ್ದ ಬಾಣ ಇವತ್ತು ಮೆತ್ತಗಾಯಿತು ಎಂದರ್ಥ. ಹೆದೆಯ ಎತ್ತರ, ಟಿಲ್ಲರ್ (ಮೇಲಿನ ಕೆಳಗಿನ ಲಿಂಬ್‌ಗಳ ಸಮತೋಲ), ಹೆದೆಯ ಮೇಲೆ ಬಾಣದ ಹಿಂತುದಿಯ ನಾಕ್ ಕೂರುವ ಜಾಗ, ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು. ಇದನ್ನು ಮಾಡದೆ, ಹೊಸದು ಹಾಕಿದ ಮೇಲೆ ಅಂಕ ಇಳಿಯಿತು ಎಂದು ಲಿಂಬ್ ಮಾರಿದವರು ನನಗೆ ಗೊತ್ತು. ಒಂದು ತಿಂಗಳು ಹೊಂದಾಣಿಕೆಗೆ ಕೊಡದೆ ಯಾವ ಲಿಂಬ್ ಮೇಲೂ ತೀರ್ಪು ಕೊಡಬೇಡಿ.

9. ಹಣ ಎಲ್ಲಿಗೆ ಹಾಕಬೇಕು

ಮೇಲ್ದರ್ಜೆಯ ಒಂದು ಜೋಡಿ ಕಾರ್ಬನ್ ಲಿಂಬ್‌ಗೆ ಇವತ್ತು ಅರ್ಧ ಲಕ್ಷ ದಾಟುತ್ತದೆ. ಬೆಳೆಯುವ ಮಕ್ಕಳಿಗೆ ವರ್ಷಕ್ಕೊಮ್ಮೆ, ಕೆಲವು ಸಲ ಎರಡು ಸಲ, ತೂಕ ಏರಿಸಬೇಕಾಗುತ್ತದೆ. ಅಂಥ ಮಗುವಿಗೆ ದುಬಾರಿ ಲಿಂಬ್ ಕೊಡಿಸಿದ ಅಪ್ಪ ಅಮ್ಮ, ಹಣ ಕೊಟ್ಟಿದ್ದೇವಲ್ಲ ಎಂದು ಮೂರು ವರ್ಷದ ಮುಂದಿನ ತೂಕವನ್ನು ಇವತ್ತೇ ಕೊಡಿಸಿಬಿಡುತ್ತಾರೆ. ಭುಜ ನೋವು ಶುರುವಾಗುವುದು ಅಲ್ಲಿಂದ. ಶುರುವಿಗೆ ದುಬಾರಿ ಸಾಮಾನೇ ಬೇಕೆಂದಿಲ್ಲ: ರಾಜಸ್ಥಾನದ ಲಿಂಬಾ ರಾಮ್, ಝಾರ್ಖಂಡದ ದೀಪಿಕಾ ಕುಮಾರಿ ಇಬ್ಬರೂ ಮೊದಲು ಹಿಡಿದದ್ದು ಬಿದಿರಿನ ಬಿಲ್ಲು. ಲಿಂಬಾ ರಾಮ್ ಮೂರು ಒಲಿಂಪಿಕ್ಸ್‌ಗೆ, ದೀಪಿಕಾ ನಾಲ್ಕು ಒಲಿಂಪಿಕ್ಸ್‌ಗೆ ಹೋದವರು. ಕಲಿಯುವ ವರ್ಷಗಳಲ್ಲಿ ಒಳ್ಳೆಯ ಹಳೆಯ ಲಿಂಬ್ ಇರಲಿ, ಉಳಿದ ಹಣದಲ್ಲಿ ಒಂದೇ ತೂಕದ, ನೆಟ್ಟಗಿರುವ ಒಂದು ಡಜನ್ ಬಾಣ ಬರಲಿ. ಮೂರು ತಿಂಗಳು ತೂಕ ಏರಿಸದೆ, ಕ್ಲಿಕ್ಕರ್ ಕೆಳಗೆ ಎಳೆತ ಅಲುಗದೆ ನಿಂತ ಮೇಲೆ ಹೊಸ ಲಿಂಬ್ ಮಾತು ತೆಗೆಯಿರಿ.

ಪಂಚೆಯಲ್ಲಿ ಸುತ್ತಿ ತಂದ ಆ ಜೋಡಿ ಎಲ್ಲ ಪರೀಕ್ಷೆಗಳಲ್ಲೂ ಪಾಸಾಯಿತು. ಮೇಲೆ ಬರೆದದ್ದು 30 ಪೌಂಡು, 26 ಇಂಚು ಎಳೆಯುವ ಆ ಹುಡುಗನ ಬೆರಳಿಗೆ ತಕ್ಕಡಿಯಲ್ಲಿ 26. ಡೇಕ್ರಾನ್ ಹೆದೆ ಕಟ್ಟಿಕೊಟ್ಟೆ. ಅವನು ಈಗ 30 ಮೀಟರಿನಲ್ಲಿ ದೊಡ್ಡಪ್ಪನ ಲಿಂಬ್‌ನಿಂದಲೇ ಹೊಡೆಯುತ್ತಿದ್ದಾನೆ.

ನಿಮ್ಮ ಮನೆಯ ಅಟ್ಟದ ಮೇಲೂ, ಬೀರುವಿನ ಹಿಂದೆಯೂ ಇಂಥ ಜೋಡಿಗಳಿದ್ದರೆ ಕೆಳಗಿಳಿಸಿ. ಹತ್ತಿ ಎಳೆದು, ಕಣ್ಣಿಟ್ಟು, ಕಿವಿಗೊಟ್ಟು ನೋಡಿ. ಸರಿಯಿದ್ದರೆ ಹತ್ತಿರದ ಆರ್ಚರಿ ಮೈದಾನದಲ್ಲಿ ಬಿದಿರಿನ ಬಿಲ್ಲಿನಲ್ಲಿ ಹೊಡೆಯುತ್ತಿರುವ ಒಂದು ಮಗುವಿಗೆ ಕೊಡಿ. ಅಡ್ಡಗೆರೆ ಕಂಡರೆ ಮಾತ್ರ ದಯವಿಟ್ಟು ಯಾರಿಗೂ ಕೊಡಬೇಡಿ, ಗರಗಸ ಹಾಕಿ ಎರಡು ತುಂಡು ಮಾಡಿ ಎಸೆಯಿರಿ.